ಒಣ ಕಾಳಿನ ಪೋಷಕಾಂಶ ಹೊಟ್ಟೆಗೆ ಸೇರಬೇಕಾದರೆ: ಆರಿಸುವುದರಿಂದ ಬಡಿಸುವವರೆಗೆ ಸಮಗ್ರ ಮಾರ್ಗದರ್ಶಿ

ರಾಜ್ಮಾ ಪೊಟ್ಟಣದ ಹಿಂಬದಿ ನೋಡಿದರೆ 100 ಗ್ರಾಂಗೆ 22ರಿಂದ 24 ಗ್ರಾಂ ಪ್ರೋಟೀನ್ ಎಂದು ಬರೆದಿರುತ್ತದೆ. ಬೇಯಿಸಿದ ರಾಜ್ಮಾವನ್ನು ತೂಗಿ ಲೆಕ್ಕ ಹಾಕಿದರೆ ಅದೇ 100 ಗ್ರಾಂಗೆ ಸಿಗುವುದು 9 ಗ್ರಾಂಗೂ ಕಡಿಮೆ. ಪ್ರೋಟೀನ್ ಎಲ್ಲಿಗೂ ಹೋಗಿಲ್ಲ, ಕಾಳು ನೀರು ಕುಡಿದಿದೆ ಅಷ್ಟೆ. ಹಾಗಿದ್ದರೂ ಈ ಒಂದು ಗೊಂದಲದಿಂದಲೇ ಬಹಳ ಮಂದಿ ತಾವು ತಿನ್ನುತ್ತಿರುವ ಪ್ರೋಟೀನನ್ನು ಎರಡೂವರೆ ಪಟ್ಟು ಹೆಚ್ಚಾಗಿ ಎಣಿಸಿಕೊಂಡಿರುತ್ತಾರೆ. ಇನ್ನು ಕೆಲವು ಪೋಷಕಾಂಶಗಳು ನಿಜವಾಗಿಯೂ ಕೈತಪ್ಪುತ್ತವೆ: ನೆನೆಸಿದ ನೀರಿನಲ್ಲಿ, ಚೆಲ್ಲಿದ ಕಟ್ಟಿನಲ್ಲಿ, ಊಟದ ಜೊತೆ ಕುಡಿದ ಚಹಾದಲ್ಲಿ. ಕಾಳಿನಲ್ಲಿ ಎಷ್ಟಿದೆ ಎಂಬುದು ಒಂದು ಲೆಕ್ಕ, ದೇಹಕ್ಕೆ ಎಷ್ಟು ದಕ್ಕುತ್ತದೆ ಎಂಬುದು ಇನ್ನೊಂದು. ಎರಡನೆಯದನ್ನು ತೀರ್ಮಾನಿಸುವುದು ಅಡುಗೆಮನೆ.

ಮೊದಲು ಲೆಕ್ಕ ಸರಿಮಾಡಿಕೊಳ್ಳಿ

ಚೆನ್ನಾಗಿ ನೆನೆದ ಕಾಳಿನ ತೂಕ ಒಣ ತೂಕದ ಎರಡರಷ್ಟಾಗುತ್ತದೆ, ಬೆಂದ ಮೇಲೆ ಸುಮಾರು ಎರಡೂವರೆ ಪಟ್ಟು. ಅಂದರೆ 60 ಗ್ರಾಂ ಒಣ ಕಾಳು ಬೆಂದಾಗ ಸುಮಾರು 150 ಗ್ರಾಂ. ಒಬ್ಬ ವಯಸ್ಕರಿಗೆ ಒಂದು ಹೊತ್ತಿಗೆ ಇದು ತಕ್ಕ ಅಳತೆ.

ಬೇಯಿಸಿ ಬಸಿದ 100 ಗ್ರಾಂ ಕಾಳಿನಲ್ಲಿ ಸುಮಾರಾಗಿ ಇರುವುದು ಇಷ್ಟು (ಫೋಲೇಟ್ ಅಂದರೆ ಬಿ ಗುಂಪಿನ ಒಂದು ಜೀವಸತ್ವ):

| ಕಾಳು | ಕಿಲೋಕ್ಯಾಲರಿ | ಪ್ರೋಟೀನ್ (ಗ್ರಾಂ) | ನಾರು (ಗ್ರಾಂ) | ಫೋಲೇಟ್ (ಮೈಕ್ರೋಗ್ರಾಂ) |
|---|---|---|---|---|
| ರಾಜ್ಮಾ | 127 | 8.7 | 6.5–7.5 | 130 |
| ಕಾಬೂಲಿ ಕಡಲೆ | 164 | 8.9 | 7.6 | 172 |
| ಹೆಸರುಕಾಳು | 105 | 7 | 7.6 | 159 |
| ಅಲಸಂದೆ | 116 | 7.7 | 6.5 | 208 |
| ಸೋಯಾ | 172 | 17–18 | 6 | 54 |

ತಳಿ, ಬೆಳೆದ ಮಣ್ಣು, ಬೇಯಿಸಿದ ಹೊತ್ತು ಬದಲಾದಂತೆ ಈ ಅಂಕಿಗಳೂ ಅಷ್ಟಿಷ್ಟು ಏರಿಳಿಯುತ್ತವೆ. ಆದ್ದರಿಂದ ದಶಾಂಶದ ಹಿಂದೆ ಬೀಳಬೇಕಾಗಿಲ್ಲ. ಗಮನಿಸಬೇಕಾದ್ದು ಬೇರೆ. 150 ಗ್ರಾಂ ಬೆಂದ ರಾಜ್ಮಾದಿಂದ 13 ಗ್ರಾಂ ಪ್ರೋಟೀನ್ ಸಿಗುತ್ತದೆ, 60 ಕಿಲೋ ತೂಕದ ವಯಸ್ಕರಿಗೆ ದಿನಕ್ಕೆ ಬೇಕಾದ ಸುಮಾರು 50 ಗ್ರಾಂನಲ್ಲಿ ಇದು ಕಾಲು ಭಾಗ. ನಾರು 10 ಗ್ರಾಂ ಆಸುಪಾಸು. ಫೋಲೇಟ್ ಅಂತೂ ದಿನದ 400 ಮೈಕ್ರೋಗ್ರಾಂನಲ್ಲಿ ಹೆಚ್ಚುಕಡಿಮೆ ಅರ್ಧ. ಕಾಳು ಅಂದಕೂಡಲೇ ಎಲ್ಲರೂ ಪ್ರೋಟೀನ್ ಮಾತಾಡುತ್ತಾರೆ. ಆದರೆ ನಾರು ಮತ್ತು ಫೋಲೇಟ್ ವಿಷಯದಲ್ಲಿ ಕಾಳಿಗೆ ಸಾಟಿಯಾಗುವ ಆಹಾರ ಕಡಿಮೆ, ಅದರ ನಿಜವಾದ ಹೆಚ್ಚುಗಾರಿಕೆ ಇರುವುದು ಅಲ್ಲಿ.

ಸೋಯಾವನ್ನು ಉಳಿದವುಗಳ ಸಾಲಿಗೆ ಸೇರಿಸಬೇಡಿ. ಒಣ ಸೋಯಾದಲ್ಲಿ ಸುಮಾರು 36 ಗ್ರಾಂ ಪ್ರೋಟೀನ್, 20 ಗ್ರಾಂ ಕೊಬ್ಬು ಇದ್ದು ಪಿಷ್ಟ ಬಹಳ ಕಡಿಮೆ. ರಾಜ್ಮಾ, ಅಲಸಂದೆ, ಹೆಸರುಕಾಳಿನಲ್ಲಿ ಕೊಬ್ಬು 1–2 ಗ್ರಾಂ ದಾಟುವುದಿಲ್ಲ, ಕಡಲೆಯಲ್ಲಿ ಸುಮಾರು 6 ಗ್ರಾಂ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೂಡ ಸೋಯಾವನ್ನು ಬೇಳೆಕಾಳಿನ ಪಟ್ಟಿಗೆ ಸೇರಿಸದೆ ಎಣ್ಣೆಕಾಳು ಎಂದೇ ಎಣಿಸುತ್ತದೆ.

ಒಣ ಕಾಳಿನಲ್ಲಿ ಇಲ್ಲದ್ದನ್ನೂ ತಿಳಿದಿರಬೇಕು. ಬಿ12 ಇಲ್ಲವೇ ಇಲ್ಲ, ಸಿ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ.

ಹಂತ 1: ಕೊಳ್ಳುವಾಗ ವಯಸ್ಸು ನೋಡಿ

ಕಾಳು ಹಳತಾದರೆ ಪ್ರೋಟೀನ್ ಬೇಗ ಕುಗ್ಗುವುದಿಲ್ಲ. ಕುಗ್ಗುವುದು ಬೇಯುವ ಗುಣ. ಅರೆಬೆಂದ ಕಾಳಿನ ಪಿಷ್ಟವೂ ಪ್ರೋಟೀನೂ ಸರಿಯಾಗಿ ಜೀರ್ಣವಾಗುವುದಿಲ್ಲವಾದ್ದರಿಂದ ಕೊನೆಗೆ ನಷ್ಟ ಪೋಷಣೆಗೇ ಆಗುತ್ತದೆ.

ಹೊಸ ಕಾಳಿನ ಸಿಪ್ಪೆ ನಯವಾಗಿ ಹೊಳೆಯುತ್ತದೆ, ಚೀಲದ ತುಂಬ ಬಣ್ಣ ಒಂದೇ ಸಮ ಇರುತ್ತದೆ. ಮಂಕಾದ, ಸುಕ್ಕುಗಟ್ಟಿದ, ಸಿಪ್ಪೆ ಸೀಳಿದ ಕಾಳು ಹೆಚ್ಚು ಕಂಡರೆ ಬಿಟ್ಟುಬಿಡಿ. ಸೂಜಿಯಿಂದ ಕೊರೆದಂಥ ದುಂಡು ತೂತು ಹುಳುವಿನ ಗುರುತು. ಮುಗ್ಗಲು ವಾಸನೆ ಬಂದರೆ ಎಷ್ಟೇ ಅಗ್ಗವಾದರೂ ಬೇಡ, ಬೂಷ್ಟಿನ ವಿಷ ಬೇಯಿಸಿದರೆ ಹೋಗುವಂಥದ್ದಲ್ಲ.

ಮನೆಗೆ ತಂದ ಹೊಸ ಕಾಳನ್ನು ಡಬ್ಬಿಯಲ್ಲಿ ಉಳಿದ ಹಳೆಯದರ ಮೇಲೆ ಸುರಿಯಬೇಡಿ. ಎರಡೂ ಬೇಯಲು ಬೇರೆ ಬೇರೆ ಹೊತ್ತು ತೆಗೆದುಕೊಳ್ಳುತ್ತವೆ. ಒಂದು ಕರಗಿ ಮುದ್ದೆಯಾಗುವ ಹೊತ್ತಿಗೆ ಇನ್ನೊಂದು ಕಡಿದರೆ ಕಟಕ್ ಅನ್ನುತ್ತಿರುತ್ತದೆ.

ಗಾಳಿಯಾಡದ ಡಬ್ಬಿ, ಒಣ ಜಾಗ, ಸಾಧ್ಯವಾದಷ್ಟು ತಂಪು: ಇಷ್ಟು ಸಾಕು. ಒಲೆಯ ಮೇಲಿನ ಗೂಡು ಕಾಳಿಗೆ ಅತಿ ಕೆಟ್ಟ ಜಾಗ. ಸುಮಾರು 30 ಡಿಗ್ರಿಗಿಂತ ಹೆಚ್ಚಿನ ಶಾಖ ಮತ್ತು ತೇವ ಎರಡೂ ಸೇರಿದರೆ ಕೆಲವೇ ತಿಂಗಳಲ್ಲಿ ಕಾಳು ಬೇಯದ ಜಾತಿಗೆ ಸೇರುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಹೀಗಿದೆ. ಕಾಳಿನೊಳಗಿನ ಫೈಟೇಟ್ ಎಂಬ ವಸ್ತು ನಿಧಾನವಾಗಿ ಒಡೆದು, ಅದು ಹಿಡಿದಿಟ್ಟುಕೊಂಡಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗುತ್ತವೆ. ಅವು ಜೀವಕೋಶಗಳ ನಡುವಿನ ಪೆಕ್ಟಿನ್ ಅಂಟನ್ನು ಬಿಗಿಯುತ್ತವೆ. ಆಮೇಲೆ ಎಷ್ಟು ಕುದಿಸಿದರೂ ಕೋಶಗಳು ಒಂದನ್ನೊಂದು ಬಿಡುವುದಿಲ್ಲ.

ಹುಳುವಿನ ಭಯವಿದ್ದರೆ ತಂದ ಕೂಡಲೇ ಪೊಟ್ಟಣವನ್ನು ಒಂದು ವಾರ ಫ್ರೀಜರಿನಲ್ಲಿಡಿ, ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಪೊಟ್ಟಣ ಬಿಚ್ಚದೆ ಕೋಣೆಯ ಶಾಖಕ್ಕೆ ಬರಲು ಬಿಡಿ. ಬಿಚ್ಚಿದರೆ ತಣ್ಣಗಿನ ಕಾಳಿನ ಮೇಲೆ ತೇವ ಕೂರುತ್ತದೆ.

ಹಂತ 2: ಆರಿಸಿ, ತೊಳೆಯಿರಿ

ಬಿಳಿ ತಟ್ಟೆಯ ಮೇಲೆ ಹರಡಿ ಕಲ್ಲು, ಮಣ್ಣುಹೆಂಟೆ, ತೂತುಕಾಳು ತೆಗೆಯಿರಿ. ಆಮೇಲೆ ಎರಡು ಮೂರು ನೀರಿನಲ್ಲಿ ತೊಳೆದರಾಯಿತು.

ಹಂತ 3: ನೆನೆಹಾಕುವುದು

ಒಂದು ಅಳತೆ ಕಾಳಿಗೆ ನಾಲ್ಕು ಅಳತೆ ನೀರು. ಪಾತ್ರೆ ದೊಡ್ಡದಿರಲಿ, ನೀರು ಸಾಲದೆ ಹೋದರೆ ಮೇಲಿನ ಕಾಳು ಅರ್ಧ ಉಬ್ಬಿ ನಿಲ್ಲುತ್ತದೆ. ರಾಜ್ಮಾ, ಕಡಲೆ, ಸೋಯಾಗೆ 8ರಿಂದ 12 ಗಂಟೆ. ಹೆಸರುಕಾಳು, ಅಲಸಂದೆಗೆ 4ರಿಂದ 6 ಗಂಟೆ ಸಾಕು. ಸೆಖೆಯ ದಿನಗಳಲ್ಲಿ 8 ಗಂಟೆ ದಾಟಿದರೆ ನೀರು ಹುಳಿಯತೊಡಗಿ ಮೇಲೆ ನೊರೆ ಕಟ್ಟುತ್ತದೆ. ನಡುವೆ ಒಮ್ಮೆ ನೀರು ಬದಲಿಸಿ, ಇಲ್ಲವೇ ಫ್ರಿಜ್ಜಿನಲ್ಲಿಟ್ಟು ನೆನೆಸಿ.

ರಾತ್ರಿ ಮರೆತುಹೋದರೆ ಇನ್ನೊಂದು ದಾರಿ ಇದೆ. ಕಾಳನ್ನು ನೀರಿನಲ್ಲಿ 2 ನಿಮಿಷ ಮರಳಿಸಿ, ಒಲೆ ಆರಿಸಿ, ಮುಚ್ಚಿ ಒಂದು ಗಂಟೆ ಬಿಡಿ. ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ಹೊಟ್ಟೆ ಉಬ್ಬರ ತರುವ ಸಕ್ಕರೆಗಳು ಬಿಸಿನೀರಿಗೆ ಚೆನ್ನಾಗಿಯೇ ಇಳಿಯುತ್ತವೆ. ಹೀಗಾಗಿ ಇದನ್ನು ಎರಡನೇ ದರ್ಜೆಯ ವಿಧಾನ ಎಂದುಕೊಳ್ಳಬೇಕಾಗಿಲ್ಲ.

ಎಷ್ಟು ನೆನೆದಿದೆ ಎಂದು ನೋಡಲು ಒಂದು ಕಾಳನ್ನು ಉಗುರಿನಿಂದ ಎರಡು ಬೇಳೆಯಾಗಿ ಸೀಳಿ. ಒಳಮೈ ಚಪ್ಪಟೆಯಾಗಿ, ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣದಲ್ಲಿದ್ದರೆ ಸರಿ. ನಡುವೆ ತಗ್ಗಾಗಿ ಬೆಳ್ಳಗೆ ಒಣಗಿದಂತಿದ್ದರೆ ಇನ್ನೂ ಬಿಡಬೇಕು. ಇಡೀ ರಾತ್ರಿ ಬಿಟ್ಟರೂ ಉಬ್ಬದೆ ಕಲ್ಲಿನಂತೆ ಉಳಿದ ಕಾಳುಗಳನ್ನು ಈಗಲೇ ಹೆಕ್ಕಿ ಎಸೆಯಿರಿ. ಅವುಗಳ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಬೇಯಿಸಿದ ಮೇಲೂ ಹಾಗೇ ಇದ್ದು ಹಲ್ಲಿಗೆ ಅಪಾಯ.

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಗಟ್ಟಿಯಾಗಿ ಬೇರುಬಿಟ್ಟಿದೆ. ವಾಸ್ತವ ಇದಕ್ಕೆ ವಿರುದ್ಧ. ಲೀಟರ್ ನೀರಿಗೆ 15 ಗ್ರಾಂ ಉಪ್ಪು, ಅಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಚಮಚ, ಕರಗಿಸಿ ನೆನೆಸಿದರೆ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಗಕ್ಕೆ ಬಂದು ಕೂರುತ್ತದೆ. ಸಿಪ್ಪೆ ಮೆತ್ತಗಾಗುತ್ತದೆ, ಬೇಯುವಾಗ ಒಡೆಯುವುದೂ ಕಡಿಮೆ. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರು ಮಾತ್ರ ಬರೀ ನೀರಿನಲ್ಲೇ ನೆನೆಸಲಿ, ತೊಳೆದರೂ ಕಾಳಿನೊಳಗೆ ಸ್ವಲ್ಪ ಉಪ್ಪು ಉಳಿಯುತ್ತದೆ. ಕಾಳು ಬೇಯದಂತೆ ನಿಜಕ್ಕೂ ತಡೆಯುವುದು ಹುಳಿ ಮತ್ತು ಗಡಸು ನೀರು. ಟೊಮೆಟೊ, ಹುಣಸೆ, ನಿಂಬೆ ಏನಿದ್ದರೂ ಕಾಳು ಮೆತ್ತಗಾದ ಮೇಲೆಯೇ ಹಾಕಬೇಕು. ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಆರ್‌ಒ ಯಂತ್ರದಲ್ಲಿ ಶುದ್ಧವಾದ ಕುಡಿಯುವ ನೀರನ್ನೇ ಬಳಸಿ.

ಅಡುಗೆ ಸೋಡಾ? ಕಾಳನ್ನು ಬೇಗ ಮೆತ್ತಗೆ ಮಾಡುತ್ತದೆ, ಸುಳ್ಳಲ್ಲ. ಜೊತೆಗೆ ಬಿ1 ಜೀವಸತ್ವವನ್ನು ನಾಶಮಾಡುತ್ತದೆ, ಸೋಪಿನ ರುಚಿಯನ್ನೂ ಬಿಡುತ್ತದೆ. ನೀರು ತೀರಾ ಗಡಸಾಗಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಲೀಟರ್ ನೆನೆಸುವ ನೀರಿಗೆ ಕಾಲು ಟೀ ಚಮಚ ಹಾಕಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಬೇಯಿಸುವ ನೀರಿಗೆ ಹಾಕುವ ಅಭ್ಯಾಸವನ್ನು ಬಿಡುವುದೇ ಮೇಲು.

ನೆನೆಸಿದ ನೀರು ಚೆಲ್ಲಬೇಕೇ, ಬೇಡವೇ? ಚೆಲ್ಲಿದರೆ ಸ್ವಲ್ಪ ಪೊಟ್ಯಾಸಿಯಂ, ಸ್ವಲ್ಪ ಫೋಲೇಟ್ ಹೋಗುತ್ತದೆ. ಅದರ ಜೊತೆಗೆ ಗ್ಯಾಸ್ ತರುವ ಸಕ್ಕರೆಗಳು, ಸಿಪ್ಪೆಯ ಒಗರು, ಫೈಟೇಟಿನ ಒಂದು ಪಾಲೂ ಹೋಗುತ್ತವೆ. ರಾಜ್ಮಾ, ಸೋಯಾ, ಡಬಲ್ ಬೀನ್ಸ್ ನೆನೆಸಿದ ನೀರನ್ನು ಚೆಲ್ಲಲೇಬೇಕು. ಹೆಸರುಕಾಳಿನಂಥ ಸಣ್ಣ ಕಾಳಿಗೆ ಈ ವಿಷಯದಲ್ಲಿ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಹಂತ 4: ಕುದಿಸುವುದು, ಇಲ್ಲಿ ರಿಯಾಯಿತಿ ಇಲ್ಲ

ಹಸಿ ರಾಜ್ಮಾದಲ್ಲಿ ಫೈಟೋಹಿಮಾಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ನಾಲ್ಕೈದು ಹಸಿ ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಆಮೇಲೆ ಭೇದಿ ಶುರುವಾಗುತ್ತದೆ. ಕೆಂಪು ರಾಜ್ಮಾದಲ್ಲಿ ಇದು ಎಲ್ಲಕ್ಕಿಂತ ಹೆಚ್ಚು, ಬಿಳಿಯದರಲ್ಲಿ ಕಡಿಮೆ.

ಕುದಿಯುವ ನೀರು, ಅಂದರೆ 100 ಡಿಗ್ರಿ, ಈ ವಿಷವನ್ನು 10 ನಿಮಿಷದಲ್ಲಿ ನಾಶಮಾಡುತ್ತದೆ. ಕಾಳಿನ ನಡುವಿನವರೆಗೂ ಶಾಖ ಮುಟ್ಟಬೇಕಾದ್ದರಿಂದ 30 ನಿಮಿಷ ಕುದಿಸಿ ಎಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ. ಅದಕ್ಕೆ ಮುನ್ನ ಕನಿಷ್ಠ 5 ಗಂಟೆ ನೆನೆಸಿ ಆ ನೀರು ಚೆಲ್ಲಿರಬೇಕು. ಎಡವಟ್ಟಾಗುವುದು ಸಾಮಾನ್ಯವಾಗಿ ಎಲೆಕ್ಟ್ರಿಕ್ ಸ್ಲೋ ಕುಕ್ಕರಿನಲ್ಲಿ. ಅದರೊಳಗಿನ ಶಾಖ ಕುದಿಯುವ ಮಟ್ಟಕ್ಕೆ ಏರದೆ ಹೋಗಬಹುದು. 80 ಡಿಗ್ರಿ ಆಸುಪಾಸಿನಲ್ಲಿ ಬಿಸಿಯಾದ ರಾಜ್ಮಾ ಹಸಿಯದಕ್ಕಿಂತಲೂ ಹೆಚ್ಚು ವಿಷಕಾರಿ, ಐದು ಪಟ್ಟಿನವರೆಗೂ. ಸ್ಲೋ ಕುಕ್ಕರ್ ಬೇಕೇ ಬೇಕೆಂದರೆ ಮೊದಲು ಒಲೆಯ ಮೇಲೆ 30 ನಿಮಿಷ ಮರಳಿಸಿ, ಆಮೇಲೆ ಅದಕ್ಕೆ ಹಾಕಿ. ಮೊಳಕೆ ಬಂದ ರಾಜ್ಮಾವನ್ನೂ ಹಸಿಯಾಗಿ ತಿನ್ನಬಾರದು, ಒಣ ರಾಜ್ಮಾವನ್ನು ಹಿಟ್ಟು ಮಾಡಿ ಅರೆಬೇಯಿಸುವುದೂ ಬೇಡ.

ಡಬಲ್ ಬೀನ್ಸಿನಲ್ಲಿರುವುದು ಬೇರೆ ತೊಂದರೆ: ಸಯನೈಡ್ ಬಿಡುವ ಲಿನಮಾರಿನ್. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮುಚ್ಚಳ ತೆರೆದು ಕುದಿಸಿದರೆ ಅದು ಆವಿಯೊಡನೆ ಹೋಗುತ್ತದೆ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಟ್ರಿಪ್ಸಿನ್ ಪ್ರತಿರೋಧಕ ಇದೆ. ಅರೆಬೆಂದ ಸೋಯಾ ತಿಂದರೆ ಪೊಟ್ಟಣದ ಮೇಲಿನ 36 ಗ್ರಾಂ ಲೆಕ್ಕಕ್ಕೆ ಮಾತ್ರ ಉಳಿಯುತ್ತದೆ.

ಪ್ರೆಷರ್ ಕುಕ್ಕರಿನಲ್ಲಿ ಪೂರ್ತಿ ಒತ್ತಡ ಬಂದಾಗ ಶಾಖ ಸುಮಾರು 120 ಡಿಗ್ರಿ ಮುಟ್ಟುತ್ತದೆ, ಹಾಗಾಗಿ ತೆರೆದ ಪಾತ್ರೆಗೆ ಹೇಳಿದ 30 ನಿಮಿಷಕ್ಕಿಂತ ಕಡಿಮೆ ಹೊತ್ತು ಸಾಕು. ನೆನೆದ ಕಾಳಿಗೆ, ಒತ್ತಡ ಬಂದ ಮೇಲೆ ಸಣ್ಣ ಉರಿಯಲ್ಲಿ:

- ಹೆಸರುಕಾಳು: 4–6 ನಿಮಿಷ
- ಅಲಸಂದೆ: 5–7 ನಿಮಿಷ
- ರಾಜ್ಮಾ, ಕಾಬೂಲಿ ಕಡಲೆ, ಸೋಯಾ: 12–15 ನಿಮಿಷ, ಹಳೆಯ ಕಾಳಾದರೆ 20–25

ವಿಸಿಲ್ ಎಣಿಸುವುದನ್ನು ನಂಬಬೇಡಿ. ಉರಿ ಜೋರಿದ್ದರೆ ಐದು ವಿಸಿಲ್ ಐದೇ ನಿಮಿಷದಲ್ಲಿ ಆದೀತು, ಸಣ್ಣಗಿದ್ದರೆ ಅಷ್ಟೇ ವಿಸಿಲಿಗೆ ಅರ್ಧ ಗಂಟೆ ಹಿಡಿದೀತು. ಮೊದಲ ವಿಸಿಲ್ ಬಂದಾಗ ಉರಿ ಇಳಿಸಿ, ಅಲ್ಲಿಂದ ಗಡಿಯಾರ ನೋಡಿ. ಕಾಳು ಮತ್ತು ನೀರು ಸೇರಿ ಕುಕ್ಕರಿನ ಅರ್ಧ ದಾಟಬಾರದು. ಏಳುವ ನೊರೆ, ಕಳಚಿದ ಸಿಪ್ಪೆ ಆವಿ ಹೋಗುವ ತೂತಿಗೆ ಸಿಕ್ಕಿಕೊಂಡರೆ ಅಪಾಯ. ಒಂದು ಟೀ ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಒಲೆ ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲಿ. ಆವಿಯನ್ನು ಬಲವಂತವಾಗಿ ಬಿಟ್ಟರೆ ಒಳಗಿನ ನೀರು ಭುಗಿಲೆದ್ದು ಕುದಿದು ಸಿಪ್ಪೆ ಹರಿಯುತ್ತದೆ.

ತೆರೆದ ಪಾತ್ರೆಯಲ್ಲಾದರೆ ರಾಜ್ಮಾ, ಕಡಲೆಗೆ ಒಂದರಿಂದ ಎರಡು ಗಂಟೆ, ಸೋಯಾಗೆ ಇನ್ನೂ ಹೆಚ್ಚು. ಎತ್ತರದ ಪ್ರದೇಶದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ, 1500 ಮೀಟರ್ ಎತ್ತರದಲ್ಲಿ ಸುಮಾರು 95 ಡಿಗ್ರಿಗೆ. ಅಲ್ಲಿ ಕುಕ್ಕರ್ ಬಿಟ್ಟರೆ ಬೇರೆ ದಾರಿ ಹುಡುಕಬೇಡಿ.

ಬೆಂದಿದೆಯೇ ಎಂದು ಒಂದೇ ಕಾಳು ನೋಡಿ ಹೇಳಬಾರದು. ಪಾತ್ರೆಯ ಬೇರೆ ಬೇರೆ ಕಡೆಯಿಂದ ಐದು ಕಾಳು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿ. ಐದೂ ಬೆಣ್ಣೆಯಂತೆ ಹಿಸುಕಿದರೆ ಬೆಂದಿದೆ. ಒಂದರಲ್ಲಿ ನಡುವೆ ಗಟ್ಟಿ ಇದ್ದರೂ ಇನ್ನೊಂದಿಷ್ಟು ಹೊತ್ತು ಬೇಯಲಿ.

ಹಂತ 5: ಕಟ್ಟನ್ನು ಚೆಲ್ಲಬೇಡಿ

ನೆನೆಸಿದ ನೀರಿಗೆ ಹೇಳಿದ ಮಾತು ಬೇಯಿಸಿದ ನೀರಿಗೆ ಸಲ್ಲದು. ಫೋಲೇಟ್, ಬಿ1, ಪೊಟ್ಯಾಸಿಯಂ, ಮೆಗ್ನೀಸಿಯಂ ಇವೆಲ್ಲ ನೀರಿಗೆ ಇಳಿಯುವಂಥವು. ಬೇಯುವಾಗ ಕಾಳಿನಿಂದ ಹೊರಟದ್ದು ಈ ಕಟ್ಟಿನಲ್ಲೇ ಇರುತ್ತದೆ. ಅದಕ್ಕೇ ನೀರನ್ನು ಅಳತೆಯಲ್ಲಿ ಹಾಕುವುದು ಜಾಣತನ. ಕುಕ್ಕರಿನಲ್ಲಾದರೆ ನೆನೆದ ಕಾಳು ಮುಳುಗಿ ಎರಡು ಬೆರಳು ಮೇಲೆ ನಿಂತರೆ ಸಾಕು. ಉಳಿದ ಕಟ್ಟನ್ನು ಅದೇ ಅಡುಗೆಗೋ ಹಿಟ್ಟು ಕಲಸಲೋ ಬಳಸಿ.

ಇದಕ್ಕೆ ಹೊರತಾದವರು ಮೂತ್ರಪಿಂಡದ ಕಾಯಿಲೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಲು ವೈದ್ಯರು ಹೇಳಿದವರು. ಅವರು ಹೆಚ್ಚು ನೀರಿನಲ್ಲಿ ಬೇಯಿಸಿ ಕಟ್ಟು ಬಸಿಯಬೇಕು, ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ಗೊತ್ತುಮಾಡಿಕೊಳ್ಳಬೇಕು. ಡಬಲ್ ಬೀನ್ಸ್ ಬೇಯಿಸಿದ ನೀರನ್ನು ಎಲ್ಲರೂ ಬಸಿಯುವುದೇ ಲೇಸು.

ಹಂತ 6: ತಟ್ಟೆಯಲ್ಲಿ ಏನು ಜೊತೆಗಿರಬೇಕು

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ. ಕಾಳಿನ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಧಾರಾಳ, ನೂರು ಗ್ರಾಂ ಪ್ರೋಟೀನಿಗೆ 6–7 ಗ್ರಾಂ. ಗೋಧಿಯ ಪ್ರೋಟೀನಿನಲ್ಲಿ ಅದು 3 ಗ್ರಾಂಗೂ ಕಡಿಮೆ. ಕಾಳಿನಲ್ಲಿ ಕೊರತೆಯಿರುವುದು ಮಿಥಿಯೋನಿನ್, ಅದು ಅಕ್ಕಿ, ಗೋಧಿ, ಜೋಳದಂಥ ಧಾನ್ಯಗಳಲ್ಲಿ ಸಿಗುತ್ತದೆ. ಒಣ ತೂಕದಲ್ಲಿ ಒಂದು ಪಾಲು ಕಾಳಿಗೆ ಎರಡು ಮೂರು ಪಾಲು ಧಾನ್ಯ ಎಂದಿಟ್ಟುಕೊಳ್ಳಿ. ಎರಡೂ ಒಂದೇ ತುತ್ತಿನಲ್ಲಿ ಇರಬೇಕೆಂದಿಲ್ಲ, ದಿನದ ಊಟಗಳಲ್ಲಿ ಎರಡೂ ಬಂದರೆ ಸಾಕು.

ಕಬ್ಬಿಣದಂಶದ ಕತೆ ಇಷ್ಟು ಸಲೀಸಲ್ಲ. 150 ಗ್ರಾಂ ಬೆಂದ ರಾಜ್ಮಾ ಅಥವಾ ಕಡಲೆಯಲ್ಲಿ ಸುಮಾರು 4 ಮಿ.ಗ್ರಾಂ ಕಬ್ಬಿಣ ಇದೆ, ಆದರೆ ದೇಹ ಹೀರಿಕೊಳ್ಳುವುದು ಅದರಲ್ಲಿ ಸಣ್ಣ ಪಾಲನ್ನು ಮಾತ್ರ. ಫೈಟೇಟ್ ಕಬ್ಬಿಣವನ್ನೂ ಸತುವನ್ನೂ ಕಟ್ಟಿಹಾಕುತ್ತದೆ. ಚಹಾ, ಕಾಫಿಯ ಒಗರೂ ಅದೇ ಕೆಲಸ ಮಾಡುತ್ತದೆ. ಇದಕ್ಕೆ ಕೈಗೆಟಕುವ ಮದ್ದು ಸಿ ಜೀವಸತ್ವ, ಅದೂ ಅದೇ ಊಟದಲ್ಲಿ. ಒಂದು ನಿಂಬೆಹಣ್ಣಿನ ರಸದಲ್ಲಿ ಸುಮಾರು 20 ಮಿ.ಗ್ರಾಂ, ಒಂದು ಕಿತ್ತಳೆಯಲ್ಲಿ ಸುಮಾರು 70, ಒಂದು ಸೀಬೆಹಣ್ಣಿನಲ್ಲಿ ನೂರಕ್ಕೂ ಮೇಲೆ. ಮೇಲೆ ಹಿಂಡಿದ ನಾಲ್ಕು ಹನಿ ನಿಂಬೆ ರುಚಿಗಷ್ಟೇ ಆದೀತು. ಕಬ್ಬಿಣ ದಕ್ಕಬೇಕಾದರೆ ಊಟದ ಜೊತೆ ಹಣ್ಣು ಅಥವಾ ಹಸಿ ದೊಣ್ಣೆಮೆಣಸಿನಂಥ ತರಕಾರಿ ಇರಲಿ. ಶಾಖಕ್ಕೆ ಸಿ ಜೀವಸತ್ವ ಕರಗಿಹೋಗುವುದರಿಂದ ನಿಂಬೆರಸ ಒಲೆ ಆರಿಸಿದ ಮೇಲೆ. ಚಹಾ, ಕಾಫಿಗೆ ಊಟದಿಂದ ಒಂದು ಗಂಟೆಯಾದರೂ ಅಂತರವಿರಲಿ. ರಕ್ತಹೀನತೆ ಇದ್ದವರು ಮಾತ್ರ ಇಷ್ಟಕ್ಕೇ ನೆಚ್ಚಿ ಕೂರಬಾರದು, ಚಿಕಿತ್ಸೆ ಬೇಕು.

ಸಕ್ಕರೆ ಕಾಯಿಲೆ ಇರುವವರಿಗೆ ಕಾಳು ಒಗ್ಗುವುದಕ್ಕೆ ಕಾರಣ ಪಿಷ್ಟ ನಾರಿನ ಕೋಶಗಳೊಳಗೆ ಬಂದಿಯಾಗಿ ನಿಧಾನ ಕರಗುವುದು. ರಾಜ್ಮಾ, ಕಡಲೆಯ ಗ್ಲೈಸಿಮಿಕ್ ಸೂಚ್ಯಂಕ, ಅಂದರೆ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬುದರ ಅಳತೆ, 40ರ ಕೆಳಗೇ ಇರುತ್ತದೆ. ನುಣ್ಣಗೆ ರುಬ್ಬಿದರೆ ಈ ಲಾಭದಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ. ಬೇಯಿಸಿ ತಣಿಸಿದರೆ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುವ ಪಿಷ್ಟ ತುಸು ಹೆಚ್ಚಾಗುತ್ತದೆ.

ಮೊಳಕೆ ಕಟ್ಟಿದರೆ ಏನಾಗುತ್ತದೆ

ಮೊಳಕೆಯಲ್ಲಿ ಪ್ರೋಟೀನ್ ದುಪ್ಪಟ್ಟಾಗುತ್ತದೆ ಎಂಬ ಮಾತು ನಿಜವಲ್ಲ. ಉದ್ದ ಮೊಳಕೆ ಬಂದ 100 ಗ್ರಾಂ ಹೆಸರಿನಲ್ಲಿ ಪ್ರೋಟೀನ್ 3 ಗ್ರಾಂ, ಶಕ್ತಿ 30 ಕಿಲೋಕ್ಯಾಲರಿ. ಉಳಿದದ್ದು ಬಹುಪಾಲು ನೀರು. ನಿಜವಾದ ಲಾಭ ಬೇರೆ ಕಡೆ ಇದೆ. ಫೈಟೇಟೂ ಗ್ಯಾಸ್ ತರುವ ಸಕ್ಕರೆಗಳೂ ತಗ್ಗುತ್ತವೆ, ಒಣ ಕಾಳಿನಲ್ಲಿ ಹೆಚ್ಚುಕಡಿಮೆ ಇಲ್ಲದ ಸಿ ಜೀವಸತ್ವ 13 ಮಿ.ಗ್ರಾಂನಷ್ಟು ಹುಟ್ಟುತ್ತದೆ.

8 ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ದಿನಕ್ಕೆ ಎರಡು ಮೂರು ಸಲ ಶುದ್ಧ ನೀರಿನಲ್ಲಿ ತೊಳೆದು ಮತ್ತೆ ಕಟ್ಟಿ. 12ರಿಂದ 24 ಗಂಟೆಯಲ್ಲಿ ಸಣ್ಣ ಮೊಳಕೆ ಬರುತ್ತದೆ. ಲೋಳೆಯೋ ಹುಳಿ ವಾಸನೆಯೋ ಬಂದರೆ ನೀರು ಬಸಿದದ್ದು ಸಾಲಲಿಲ್ಲ ಎಂದರ್ಥ, ಅದನ್ನು ಎಸೆಯಿರಿ. ಮೊಳಕೆಗೆ ಬೇಕಾದ ಬೆಚ್ಚಗಿನ ತೇವವೇ ಸಾಲ್ಮೊನೆಲ್ಲಾ, ಈ. ಕೋಲೈ ಬ್ಯಾಕ್ಟೀರಿಯಾಗಳಿಗೂ ಹಿತ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೊಳಕೆ ತಿನ್ನಬಾರದು, ಬೇಯಿಸಿಯೇ ತಿನ್ನಬೇಕು.

ಹೊಟ್ಟೆ ಉಬ್ಬರ

ರ‍್ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಿನಲ್ಲಿಲ್ಲ. ಅವು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ, ಗಾಳಿ ಹುಟ್ಟುವುದು ಅಲ್ಲಿ. ಅಭ್ಯಾಸವಿಲ್ಲದವರು ಮೊದಲ ವಾರ ದಿನಕ್ಕೆ ಎರಡು ಮೂರು ದೊಡ್ಡ ಚಮಚ ಬೆಂದ ಕಾಳಿನಿಂದ ಶುರುಮಾಡಿ ವಾರವಾರಕ್ಕೆ ಏರಿಸಲಿ, ನೀರನ್ನೂ ಹೆಚ್ಚು ಕುಡಿಯಲಿ. ಬಹಳ ಮಂದಿಗೆ ಕೆಲವು ವಾರಗಳಲ್ಲಿ ತೊಂದರೆ ಇಳಿಯುತ್ತದೆ. ಕರುಳಿನ ಕಿರಿಕಿರಿ ಕಾಯಿಲೆ ಇರುವವರಿಗೆ ಇಳಿಯದೆಯೂ ಇರಬಹುದು. ಅವರು ಹಟ ಹಿಡಿದು ತಿನ್ನಬೇಕಾಗಿಲ್ಲ.

ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಫಾವಾ ಬೀನ್ಸ್ (ಬ್ರಾಡ್ ಬೀನ್ಸ್) ಮುಟ್ಟಲೇಬಾರದು, ಕೆಂಪು ರಕ್ತಕಣಗಳು ಒಡೆಯುತ್ತವೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಸೋಯಾ ಮತ್ತು ಮಾತ್ರೆಯ ನಡುವೆ ಕೆಲವು ಗಂಟೆ ಬಿಡಬೇಕು, ಎಷ್ಟೆಂದು ವೈದ್ಯರು ಹೇಳುತ್ತಾರೆ.

ಮಿಕ್ಕದ್ದನ್ನು ಇಡುವುದು

ಬೆಂದ ಕಾಳು ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೆಚ್ಚಗಿನ ಪಾತ್ರೆಯಲ್ಲಿ ಎಚ್ಚರಗೊಂಡು ಬೆಳೆಯುತ್ತವೆ, ಅವುಗಳ ಒಂದು ವಿಷ ಮತ್ತೆ ಕುದಿಸಿದರೂ ಹೋಗದು. ಆಳವಾದ ಪಾತ್ರೆಯಲ್ಲಿ ನಡುಭಾಗ ತಣಿಯಲು ಬಹಳ ಹೊತ್ತು ಬೇಕು. ಆದ್ದರಿಂದ ಅಗಲ ತಟ್ಟೆಗೆ ತೆಳ್ಳಗೆ ಸುರಿದು ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನ ಇರುತ್ತದೆ. ಫ್ರೀಜರಿಗಾದರೆ 150 ಗ್ರಾಂನ ಒಂದೊಂದು ಪೊಟ್ಟಣ ಮಾಡಿ, ಕಾಳು ಮುಳುಗುವಷ್ಟು ಕಟ್ಟನ್ನೂ ಹಾಕಿ, ಉಬ್ಬಲು ಸ್ವಲ್ಪ ಜಾಗ ಬಿಟ್ಟು ಮುಚ್ಚಿ. ಎರಡು ಮೂರು ತಿಂಗಳು ಹದ ಕೆಡುವುದಿಲ್ಲ. ಬೇಕಾದ ಹಿಂದಿನ ರಾತ್ರಿ ಕೆಳಗಿನ ಫ್ರಿಜ್ಜಿಗೆ ಇಳಿಸಿಟ್ಟು, ಬಳಸುವಾಗ ಕಟ್ಟಿನ ಸಮೇತ ಒಂದು ಕುದಿ ಬರುವವರೆಗೆ ಕಾಯಿಸಿ.